ಬಸ್ರಾ ಅಜ್ಜನ ಕೋವಿ

ಮಂಗಳೂರಿನಲ್ಲಿ ನಾಲ್ಕು ತಲೆಮಾರು ನೆಲೆಯೂರಿದ ಯಾವ ಮನೆಗೆ ಹೋದರೂ ಅಲ್ಲೊಬ್ಬ ದೊಡ್ಡ ಅಜ್ಜ ಇದ್ದೇ ಇರುತ್ತಾನೆ. 1837ರ ಏಪ್ರಿಲ್ 5ರಂದು ಕಲ್ಯಾಣಸ್ವಾಮಿಯ ದಂಡು ಸುಳ್ಯದ ಕಡೆಯಿಂದ ಇಳಿದು ಬಂದು ಬಾವುಟಗುಡ್ಡೆಯಲ್ಲಿ ಕಂಪೆನಿಯ ಬಾವುಟ ಇಳಿಸಿತಲ್ಲ, ಆ ದಂಡಿನ ಮುಂದಿನ ಸಾಲಿನಲ್ಲಿ ನಮ್ಮಜ್ಜ ಇದ್ದ ಎನ್ನುವ ಮನೆಗಳು ನನಗೇ ಹಲವು ಗೊತ್ತು. ಅವರನ್ನೆಲ್ಲ ನಂಬಿದರೆ ಆ ದಂಡಿಗೆ ಹಿಂದಿನ ಸಾಲೇ ಇರಲಿಲ್ಲ. ಕಲೆಕ್ಟರ್ ಮನ್ರೋನ ಎದುರು ನಿಂತು ತೀರ್ವೆ ಜಾಸ್ತಿಯಾಯಿತೆಂದು ಮುಖಕ್ಕೆ ಹೇಳಿ ಬಂದ ಅಜ್ಜಂದಿರೂ ಇದ್ದಾರೆ. ತೀರ್ವೆಯನ್ನು ಹೇಳಿದಷ್ಟೂ ಕಟ್ಟಿ, ಮನೆಗೆ ಬಂದು ಗಂಜಿ ಉಂಡು ಮಲಗಿದ ಅಜ್ಜ ಮಾತ್ರ ಯಾವ ಮನೆಯಲ್ಲೂ ಹುಟ್ಟಿದ ಹಾಗಿಲ್ಲ.

ನಮ್ಮ ಪಾಲಿಗೆ ಬಂದವನು ಬಸ್ರಾ ಅಜ್ಜ, ನನ್ನ ತಾಯಿಯ ತಾಯಿಯ ತಂದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪಟಾಲಮಿನೊಂದಿಗೆ ಮೆಸೊಪೊಟೇಮಿಯಾಕ್ಕೆ ಹೋಗಿ, ತುರ್ಕರ ಎದುರು ಕೋವಿ ಹಿಡಿದು, ಕೂತ್ ಎಂಬ ಊರಿನ ಮುತ್ತಿಗೆಯಲ್ಲಿ ಕುದುರೆ ಮಾಂಸ ಮುಟ್ಟದೆ ನೀರು ಕುಡಿದೇ ಬದುಕಿ, ತಗಡಿನ ಟ್ರಂಕು ಹೊತ್ತು ಮರಳಿದ ವೀರ. ಕಥೆ ಹೇಳುತ್ತಿದ್ದವಳು ಅವನ ಮಗಳು, ಅಂದರೆ ನನ್ನ ಅಜ್ಜಿ. ಆಟಿ ತಿಂಗಳ ಮಳೆಗೆ ಹಲಸಿನ ಹಪ್ಪಳ ಸುಡುತ್ತಾ ಹೇಳುತ್ತಿದ್ದಳು, ಪ್ರತಿ ಆಟಿಗೂ ತುರ್ಕರ ಸಂಖ್ಯೆ ಏರುತ್ತಿತ್ತು.

ಈಗ ಕುಟುಂಬದ ಮನೆಯನ್ನು ಹೊಸದಾಗಿ ಕಟ್ಟಿಸಿದ್ದೇವೆ. ಒಕ್ಕಲಾಗುವ ದಿನ ಒಂದು ಸ್ಮರಣ ಸಂಚಿಕೆ ಆಗಬೇಕು ಎಂದು ಹಿರಿಯ ಮಾಮ ತೀರ್ಮಾನಿಸಿದರು.

"ನೀನು ಬ್ಯಾಂಕಿನಿಂದ ರಿಟೈರಾಗಿ ಮನೆಯಲ್ಲಿ ಸುಮ್ಮನೆ ಕೂತಿದ್ದಿ. ಹಳೇ ಲೆಡ್ಜರು ಓದಲಿಕ್ಕೆ ಗೊತ್ತುಂಟು. ಬಸ್ರಾ ಅಜ್ಜನ ಬಗ್ಗೆ ಎರಡು ಪುಟ ಬರಿ. ಆದರೆ ಆಧಾರ ಬೇಕು, ತಿಳೀತಾ?"

"ಆಧಾರ ಸಿಗದಿದ್ದರೆ, ಮಾಮ?"

"ಸಿಗದಿದ್ದರೆ ನಾಲ್ಕು ಪುಟ ಬರಿ."

ಮೊದಲು ಯುದ್ಧದ ದಾಖಲೆಗೆ ಕೈಹಾಕಿದೆ. ವೀರರ ಲೆಕ್ಕ ಇಡುವುದಕ್ಕೆಂದೇ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವಿದೆ, ಕಂಪ್ಯೂಟರಿನಲ್ಲಿ ಹೆಸರು ಹೊಡೆದರೆ ಸಾಕು. ತೊಂದರೆಯೆಂದರೆ ಅಲ್ಲಿ ಜಾಗ ಸಿಗಬೇಕಾದರೆ ಸತ್ತಿರಬೇಕು. ನಮ್ಮಜ್ಜ ಜೀವಸಹಿತ ಮರಳಿ, ದಾಖಲಾಗುವ ಒಳ್ಳೆಯ ಅವಕಾಶವನ್ನು ಕೈಯಾರೆ ಕಳೆದುಕೊಂಡಿದ್ದ. ಹಾಗೆಂದು ಅಲ್ಲಿ ಸತ್ತವರ ಭಾಗ್ಯವೂ ಹೇಳಿಕೊಳ್ಳುವಂಥದ್ದಲ್ಲ. 1929ರಲ್ಲಿ ತೆರೆದ ಬಸ್ರಾ ಸ್ಮಾರಕದ ಗೋಡೆಯಲ್ಲಿ ಬ್ರಿಟಿಷ್ ಸಿಪಾಯಿಯ ಹೆಸರನ್ನೂ ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಯ ವಿಷಯ ಬಂದಾಗ ರೆಜಿಮೆಂಟಿನ ಹೆಸರು ಬರೆದು ಎದುರಿಗೆ ಇಷ್ಟು ಮಂದಿ ಎಂದು ಅಂಕಿ ಹಾಕಿದರು. ಹಾಗೆ ಮಾಡಿದ್ದು ತಪ್ಪೆಂದು ಆಯೋಗವೇ ಒಪ್ಪಿಕೊಂಡದ್ದು 2021ರಲ್ಲಿ. ಅದೇ ವರ್ಷ ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಧೂಳು ತಿನ್ನುತ್ತಿದ್ದ ಪಂಜಾಬಿನ ರಿಜಿಸ್ಟರುಗಳು ಹೊರಬಂದವು. 3,20,000 ಮಂದಿಯ ಹೆಸರು, ಹಳ್ಳಿ, ಎಲ್ಲಿ ಕಾದಿದರು ಎಂಬ ವಿವರ! ಪಂಜಾಬಿನ ಮೊಮ್ಮಕ್ಕಳ ಮೇಲೆ ನನಗೆ ಇಷ್ಟು ಹೊಟ್ಟೆಕಿಚ್ಚು ಹಿಂದೆಂದೂ ಹುಟ್ಟಿರಲಿಲ್ಲ.

ಯುದ್ಧ ಸಾಕು ಎಂದು ಭೂಮಿಗೆ ಇಳಿದೆ. ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೆ ಸೇರಿತ್ತು. ಹಾಗಾಗಿ ನಮ್ಮ ಅಜ್ಜಂದಿರ ಕಾಗದಗಳಲ್ಲಿ ಒಂದಷ್ಟು ಇಲ್ಲಿ, ಒಂದಷ್ಟು ಚೆನ್ನೈನ ಎಗ್ಮೋರಿನ ದಾಖಲೆ ಭಂಡಾರದಲ್ಲಿ. ಕಾಸರಗೋಡು ಕಡೆ ಗದ್ದೆಯಿದ್ದವರಿಗೆ ಕೇರಳದ ಕಚೇರಿಯೂ ಸೇರಿಕೊಳ್ಳುತ್ತದೆ. ಬದುಕಿದ್ದಾಗ ಬಂಟ್ವಾಳದಾಚೆ ಹೋಗದ ಅಜ್ಜಂದಿರೂ ಸತ್ತ ಮೇಲೆ ಮೂರು ರಾಜ್ಯ ಸುತ್ತಿದ್ದಾರೆ.

ಅಡಂಗಲು, ಸೆಟಲ್‌ಮೆಂಟ್ ರಿಜಿಸ್ಟರು ಎಂಬ ಹಳೆಯ ಕಡತಗಳನ್ನು ತಿರುವುವುದಕ್ಕೆ ತಾಳ್ಮೆಯ ಜೊತೆ ಒಂದು ಸೀನು ತಡೆಯುವ ಕರವಸ್ತ್ರವೂ ಬೇಕು. ಪುಟ ತಿರುವಿದರೆ ಅಂಚು ಕೈಗೇ ಬರುತ್ತದೆ. ಗಟ್ಟಿಯಾಗಿ ಉಸಿರಾಡಿದರೆ ಯಾರದೋ ಎರಡು ಮುಡಿ ಗದ್ದೆ ಹಾರಿಹೋದೀತು. ವರ್ಷವೆಲ್ಲ ಫಸಲಿ ಲೆಕ್ಕ. ಬಸ್ರಾ ಅಜ್ಜನ ಹೆಸರು ಮೊದಲು ಕಂಡದ್ದು 1326ರಲ್ಲಿ. ಹೊಯ್ಸಳರ ಮೂರನೆಯ ಬಲ್ಲಾಳನ ಕಾಲದಲ್ಲೇ ನಮ್ಮಜ್ಜ ತೀರ್ವೆ ಬಾಕಿ ಇಟ್ಟಿದ್ದನಲ್ಲ ಎಂದು ಒಂದು ಕ್ಷಣ ಹೆಮ್ಮೆಪಟ್ಟು, ಆಮೇಲೆ 590 ಕೂಡಿಸಿದೆ. 1916-17. ಯುದ್ಧದ ನಟ್ಟನಡು ವರ್ಷ. ಬಾಕಿ ಇಟ್ಟವನು ಊರಲ್ಲಿ ಇರಲಿಲ್ಲ ಎಂಬುದಕ್ಕೆ ಇದು ಸಾಕ್ಷಿಯಾಗಬಹುದು ಎಂದು ಮಾಮನಿಗೆ ಫೋನು ಮಾಡಿದೆ. "ಊರಲ್ಲಿದ್ದವರೂ ಬಾಕಿ ಇಡುತ್ತಿದ್ದರು," ಎಂದು ಅವರು ಫೋನಿಟ್ಟರು.

ಹಳೆಯ ಮೂಲಗೇಣಿ ಚೀಟಿಗಳಲ್ಲಿ ಚೆಕ್ಕುಬಂದಿ ಓದುವುದು ನನಗೆ ಬಹಳ ಇಷ್ಟವಾಯಿತು. ಮೂಡಲು ತೋಡು, ತೆಂಕಲು ಕಟ್ಟಪುಣಿ, ಪಡುವಲು ದೊಡ್ಡ ಹಲಸಿನ ಮರ, ಬಡಗಲು ಇಂಥವರ ಮಜಲು ಗದ್ದೆ. ಬರೆದವನಿಗೆ ಹಲಸಿನ ಮರ ಸಾಯುವುದಿಲ್ಲ ಎಂಬ ನಂಬಿಕೆ. ಕುಲಶೇಖರದ ಹತ್ತಿರ ಹೋಗಿ ಆ ಜಾಗ ಹುಡುಕಿದೆ. ತೋಡಿನ ಮೇಲೆ ಕಾಂಕ್ರೀಟು ಹಾಸಿತ್ತು, ಕಟ್ಟಪುಣಿಯ ಮೇಲೆ ದ್ವಿಚಕ್ರ ವಾಹನ ನಿಲುಗಡೆ, ಪಡುವಲಿನಲ್ಲಿ ಎಂಟು ಮಾಳಿಗೆಯ ಫ್ಲಾಟು. ಕಾವಲುಗಾರ ನನ್ನನ್ನು ಮನೆ ಕೊಳ್ಳಲು ಬಂದವನೆಂದು ತಿಳಿದು ಮಾದರಿ ಫ್ಲಾಟು ತೋರಿಸಿದ. ಅಜ್ಜನ ಹಲಸಿನ ಮರ ಇದ್ದಲ್ಲಿ ಈಗ ಯಾರದೋ ಅಡುಗೆಮನೆ ಬರುತ್ತದೆ. ಗಾಳಿ ಬೆಳಕು ಚೆನ್ನಾಗಿದೆ.

ನಿಜವಾದ ಗೋಜಲು ಇರುವುದು ಅಳಿಯಕಟ್ಟಿನಲ್ಲಿ. ಬೇರೆ ಊರಿನವರು ವಂಶ ಹುಡುಕುವಾಗ ಅಪ್ಪ, ಅಪ್ಪನ ಅಪ್ಪ ಎಂದು ನೆಟ್ಟಗೆ ಏಣಿ ಹತ್ತುತ್ತಾರೆ. ನಮ್ಮಲ್ಲಿ ಆಸ್ತಿ ಮಾವನಿಂದ ಅಳಿಯನಿಗೆ, ಅಂದರೆ ಸೋದರಿಯ ಮಗನಿಗೆ. ಕಾಗದದಲ್ಲಿ ಮನುಷ್ಯನ ಗುರುತು ಇಂಥವರ ಅಳಿಯ ಎಂದು. ಅಪ್ಪ ಯಾರೆಂದು ಬರೆಯುವ ಅಗತ್ಯ ಯಾರಿಗೂ ಕಂಡಿಲ್ಲ. ಮೇಲಾಗಿ ಒಂದು ಕುಟುಂಬದಲ್ಲಿ ಇರುವುದೇ ನಾಲ್ಕೈದು ಹೆಸರು. ಮಾವನ ಹೆಸರು ಅಳಿಯನಿಗೆ, ಅವನದು ಅವನ ಅಳಿಯನಿಗೆ. ನೂರು ವರ್ಷದ ಕಡತ ಓದಿದರೆ ಒಬ್ಬನೇ ಮನುಷ್ಯ ಸಾಯದೆ ಗೇಣಿ ವಸೂಲು ಮಾಡುತ್ತಿದ್ದ ಹಾಗೆ ಕಾಣುತ್ತದೆ. ಬೇಡ ಎಂದು ಪಾಲು ಮಾಡಿಕೊಂಡು ಬೇರೆಯಾಗೋಣವೆಂದರೆ ಅದೂ ಇಲ್ಲ. 1860ರ ದಶಕದಲ್ಲೇ ಮದರಾಸು ಹೈಕೋರ್ಟು, ಅಳಿಯಸಂತಾನದ ಕುಟುಂಬದಲ್ಲಿ ಒಬ್ಬ ಕೇಳಿದನೆಂದು ಪಾಲು ಮಾಡುವಂತಿಲ್ಲ ಎಂದುಬಿಟ್ಟಿತು. 1949ರ ಕಾಯ್ದೆ ಬಂದು ಕವರುಗಳಿಗೆ, ಅಂದರೆ ಕುಟುಂಬದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಸಿಗುವವರೆಗೆ ಎಲ್ಲರೂ ಒಂದೇ ಸೂರಿನಡಿ ಒಟ್ಟಿಗಿದ್ದು ಪರಸ್ಪರ ದಾವೆ ಹೂಡಿಕೊಂಡು ಬಾಳಿದರು.

ಈ ಕಟ್ಟಿನ ಪ್ರಕಾರ ಬಸ್ರಾ ಅಜ್ಜ ನಮ್ಮ ಕುಟುಂಬದವನೇ ಅಲ್ಲ. ಅವನು ತನ್ನ ತಾಯಿಯ ಮನೆಯವನು, ನಾವು ಅವನ ಹೆಂಡತಿಯ ಮನೆಯವರು. ನಮ್ಮ ಸಂಚಿಕೆಯಲ್ಲಿ ಹೊರಗಿನವನ ಫೋಟೊ ಹಾಕುವುದು ಸರಿಯೇ ಎಂದು ಒಬ್ಬ ದೊಡ್ಡಮ್ಮ ಎತ್ತಿದ ಪ್ರಶ್ನೆ, ಫೋಟೊವೇ ಇಲ್ಲದ ಕಾರಣ ಅಲ್ಲಿಗೇ ನಿಂತಿತು.

ಪಕ್ಕದ ಮನೆಯ ಕ್ಯಾಥೊಲಿಕ್ ಗೆಳೆಯ ಇದನ್ನೆಲ್ಲ ಕೇಳಿ ಮರುಕಪಟ್ಟ. ಅವನಿಗೇನು! ಇಗರ್ಜಿಯಲ್ಲಿ ಜ್ಞಾನಸ್ನಾನ, ಮದುವೆ, ಮರಣ ಮೂರಕ್ಕೂ ಪುಸ್ತಕವುಂಟು. ಮೇಲೆ ಡಾ. ಮೈಕಲ್ ಲೋಬೊ ಎಂಬವರು ಮಂಗಳೂರಿನ ಕ್ಯಾಥೊಲಿಕ್ ಮನೆತನಗಳ ವಂಶಾವಳಿಯನ್ನೆಲ್ಲ ವಿಶ್ವಕೋಶ ಮಾಡಿಟ್ಟಿದ್ದಾರೆ. ಉಯಿಲು ಬರೆದು ಸತ್ತರೆ ಕೋರ್ಟಿಗೆ ಹೋಗಿ ಪ್ರೊಬೇಟು ತೆಗೆಯಲೇಬೇಕೆಂಬ ಕಟ್ಟಳೆ ಭಾರತದ ಕ್ರೈಸ್ತರಿಗೆ 2002ರವರೆಗೂ ಇತ್ತು. ಅಜ್ಜ ಬಿಟ್ಟುಹೋದ ಕುರ್ಚಿ ಮೇಜುಗಳ ಪಟ್ಟಿ ಸಹಿತ ಅವನ ಹತ್ತಿರವಿದೆ. ಹಿಂದೂಗಳಿಗೆ ಪ್ರೊಬೇಟು ಕಡ್ಡಾಯವಿದ್ದದ್ದು ಬಂಗಾಳದ ಕಡೆ, ಮತ್ತು ಮದರಾಸು, ಬೊಂಬಾಯಿ ಪಟ್ಟಣಗಳಲ್ಲಿ. ಮಂಗಳೂರಿನ ಹಿಂದೂ ಅಜ್ಜ ಉಯಿಲು ಬರೆದರೂ ಕೋರ್ಟಿನ ಕಣ್ಣಿಗೆ ಬೀಳದೆ ಸಾಯಬಹುದಿತ್ತು.

ಆದರೆ ಉಯಿಲನ್ನು ರಿಜಿಸ್ಟರು ಮಾಡಿಸಿದ್ದರೆ? ಉಪನೋಂದಣಿ ಕಚೇರಿಯಲ್ಲಿ ಜಾಗದ ಕ್ರಯಪತ್ರಗಳೆಲ್ಲ ಒಂದನೇ ಪುಸ್ತಕಕ್ಕೆ, ಉಯಿಲುಗಳು ಮೂರನೇ ಪುಸ್ತಕಕ್ಕೆ. 1908ರ ಕಾನೂನು ಹೇಳುವಂತೆ ಬರೆದವನು ಬದುಕಿರುವಾಗ ಮೂರನೇ ಪುಸ್ತಕದ ನಕಲು ಅವನ ಕಡೆಯವರಿಗಲ್ಲದೆ ಸಿಗದು. ಸತ್ತ ಮೇಲೆ ಅರ್ಜಿ ಹಾಕಿದ ಯಾರಿಗೂ ಸಿಗುತ್ತದೆ. ಒಂದು ಕಚೇರಿಯಲ್ಲಿ ಅರ್ಜಿ ಕೊಟ್ಟೆ. ಗುಮಾಸ್ತರು ಕನ್ನಡಕ ಏರಿಸಿ ಕೇಳಿದರು:

"ಇವರು ತೀರಿಕೊಂಡಿದ್ದಾರೆ ಎಂಬುದಕ್ಕೆ ದಾಖಲೆ?"

"ಸ್ವಾಮಿ, ಬದುಕಿದ್ದರೆ ನೂರನಲವತ್ತು ದಾಟುತ್ತಿತ್ತು."

"ಅದು ನಿಮ್ಮ ಅಭಿಪ್ರಾಯ. ದಾಖಲೆ?"

ಕೊನೆಗೆ ಬಸ್ರಾ ಅಜ್ಜ ಸತ್ತದ್ದು ಸತ್ಯವೆಂದು, ಆತ ಮರಳಿ ಬಂದು ತಕರಾರು ಮಾಡಿದರೆ ನಾನೇ ಹೊಣೆಯೆಂದು ಅರ್ಥ ಬರುವ ಅಫಿಡವಿಟ್ಟನ್ನು ನೋಟರಿಯವರ ಮುಂದೆ ಮಾಡಿಸಿಕೊಟ್ಟೆ. ನಕಲು ಬಂತು.

ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದು ಉಯಿಲಲ್ಲ, ಆತ್ಮಚರಿತ್ರೆ. ಕಾರಣ ಮತ್ತೆ ಅಳಿಯಕಟ್ಟು. ಗಂಡಸು ಸ್ವಂತ ದುಡಿದದ್ದನ್ನೂ ಹಾಗೇ ಬಿಟ್ಟು ಸತ್ತರೆ ಅದು ಹೆಂಡತಿ ಮಕ್ಕಳಿಗಲ್ಲ, ಸೋದರಿಯ ಮಕ್ಕಳ ಕಡೆಗೆ ಹೋಗುತ್ತಿತ್ತು. ಮಗಳಿಗೆ ಕೊಡಬೇಕೆಂದಿದ್ದರೆ 1898ರ ಮಲಬಾರ್ ವಿಲ್ಸ್ ಆಕ್ಟ್ ಪ್ರಕಾರ ಉಯಿಲು ಬರೆಯಬೇಕು. ಬರೆದರೆ ಸಾಲದು, ಇದರಲ್ಲಿ ಕುಟುಂಬದ ಒಂದು ಕಾಸೂ ಸೇರಿಲ್ಲ ಎಂದು ಅಳಿಯಂದಿರು ಬಾಯಿ ತೆರೆಯುವ ಮೊದಲೇ ಹೇಳಿಬಿಡಬೇಕು. ಹಾಗಾಗಿ ಅಜ್ಜ ಎಲ್ಲವನ್ನೂ ಹೇಳಿದ್ದಾನೆ. ಬಂದರಿನಿಂದ ಬೊಂಬಾಯಿಗೆ ಹೋಗಲು ಯಾರಿಂದ ಸಾಲ ಪಡೆದ, ಅಲ್ಲಿ ಯಾವ ಕೆಲಸಕ್ಕೆ ಸೇರಿದ, ಬಸ್ರಾದಲ್ಲಿ ತಿಂಗಳಿಗೆ ಎಷ್ಟು ಸಂಬಳ, ಎಷ್ಟು ಮನಿಯಾರ್ಡರು ಮಾಡಿದ. ಆಧಾರ್ ಕಾರ್ಡು ಹಿಡಿದು ಓಡಾಡುವ ನನ್ನ ಬಗ್ಗೆ ನೂರು ವರ್ಷದ ಮೇಲೆ ಮೊಮ್ಮಕ್ಕಳಿಗೆ ಇದರ ಕಾಲು ಭಾಗವೂ ತಿಳಿಯಲಿಕ್ಕಿಲ್ಲ. ನಂಬಿಕಸ್ಥ ನೆಂಟರಿದ್ದವನ ಚರಿತ್ರೆ ಯಾರೂ ಬರೆದಿಡುವುದಿಲ್ಲ. ಅನುಮಾನ ಪಡುವ ಅಳಿಯಂದಿರು ಇರಬೇಕು.

ಕೆಲಸ ಏನೆಂದು ಹೇಳಲೇಬೇಕಲ್ಲ. ಅಜ್ಜ ಬಸ್ರಾದಲ್ಲಿದ್ದದ್ದು ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ. ಕೂತ್ ಶರಣಾಗಿದ್ದು 1916ರ ಏಪ್ರಿಲ್ 29ಕ್ಕೆ. ಅಜ್ಜ ಬೊಂಬಾಯಿಯಲ್ಲಿ ಹಡಗು ಹತ್ತಿದ್ದೇ ಅದರ ನಂತರದ ಮಳೆಗಾಲ ಕಳೆದು. ಕೋವಿ ಹಿಡಿಯಲಿಲ್ಲ, ಸೌಟು ಹಿಡಿದ. ನನಗಂತೂ ಬೇಸರವಾಗಲಿಲ್ಲ. ಆ ಯುದ್ಧಕ್ಕೆ ಭಾರತದಿಂದ ಸೇರಿದ ಸುಮಾರು 14 ಲಕ್ಷ ಮಂದಿಯಲ್ಲಿ ಐದೂವರೆ ಲಕ್ಷಕ್ಕೂ ಮಿಕ್ಕಿ ಕೋವಿ ಮುಟ್ಟದವರು: ಅಡುಗೆಯವರು, ನೀರು ಹೊರುವವರು, ಹೇಸರಗತ್ತೆ ನೋಡಿಕೊಳ್ಳುವವರು, ಗಾಯಾಳುಗಳ ಡೋಲಿ ಹೊರುವವರು. ಅವರಿಲ್ಲದಿದ್ದರೆ ಜನರಲ್ಲುಗಳು 1917ರ ಮಾರ್ಚಿನಲ್ಲಿ ಬಗ್ದಾದಿಗೆ ಹಸಿದ ಹೊಟ್ಟೆಯಲ್ಲಿ ಹೋಗಬೇಕಿತ್ತು. ಮಾಮ ಮಾತ್ರ ಒಪ್ಪಲಿಲ್ಲ. "ಆಸ್ಪತ್ರೆಯ ಅಡುಗೆಮನೆಯ ಹಿಂದೆ ಒಂದು ಕೋವಿಯಾದರೂ ಇದ್ದಿರಬೇಕಲ್ಲ ಮಾರಾಯ, ಸರಿಯಾಗಿ ನೋಡು," ಎಂದರು.

ಸರಿಯಾಗಿ ನೋಡಿದಾಗ ಸಿಕ್ಕಿದ್ದು ಕೋವಿಯಲ್ಲ, ದಾವೆ. ಅಜ್ಜ ಸತ್ತ ಮರುವರ್ಷವೇ ಅವನ ಹಿರಿಯ ಅಳಿಯ ಮಂಗಳೂರಿನ ಮುನ್ಸೀಫ್ ಕೋರ್ಟಿಗೆ ಹೋಗಿದ್ದ. ಸಾಕ್ಷಿಗಳ ಹೇಳಿಕೆ ಯಾವುದೂ ಉಳಿದಿಲ್ಲ. ತೀರ್ಪು, ಡಿಕ್ರಿ ಇಟ್ಟುಕೊಂಡು ಉಳಿದ ಕಾಗದವನ್ನು ಕಾಲಕಾಲಕ್ಕೆ ಸುಡುವ ಪದ್ಧತಿ ಕೋರ್ಟುಗಳಲ್ಲಿದೆ. ಅಜ್ಜ ಬಸ್ರಾದಲ್ಲಿ ಬೇಳೆ ಬೇಯಿಸುತ್ತಿದ್ದಾಗಲೇ, 1917ರಲ್ಲಿ, ದಾಖಲೆಗಳನ್ನು ನಾಶಮಾಡುವುದಕ್ಕೆಂದೇ ಸರ್ಕಾರ ಒಂದು ಕಾಯ್ದೆ ಮಾಡಿಟ್ಟಿತ್ತು. ನನ್ನಂಥವನು ಮುಂದೊಂದು ದಿನ ಬರುತ್ತಾನೆಂದು ಅದಕ್ಕೆ ಮೊದಲೇ ಗೊತ್ತಿದ್ದಿರಬೇಕು. ಆದರೂ ಡಿಕ್ರಿಯ ಪೀಠಿಕೆಯಲ್ಲಿ ವಾದಿಯ ಕಥೆಯಿತ್ತು. ಮಾವ ಬಸ್ರಾಕ್ಕೆ ಹೋದದ್ದೇ ಸುಳ್ಳು. ಆ ವರ್ಷಗಳಲ್ಲಿ ಆತ ಇದ್ದದ್ದು ಜೆಪ್ಪುವಿನ ಹಂಚಿನ ಕಾರ್ಖಾನೆಯ ಬಳಿ. ಜಾಗ ತೆಗೆದದ್ದು ಕುಟುಂಬದ ಗೇಣಿ ಅಕ್ಕಿಯ ದುಡ್ಡಿನಲ್ಲಿ. ಪ್ರತಿವಾದಿ ಹೆಂಡತಿ, ಮಗಳು. ಅವರ ಪರವಾಗಿ ಹಾಜರಾದ ದಸ್ತೈವಜು, ಮನಿಯಾರ್ಡರಿನ ತುಂಡು ಚೀಟಿಗಳು.

ಕೋರ್ಟು ಯಾರನ್ನು ನಂಬಿತು? ಯಾರನ್ನೂ ನಂಬುವ ಕಷ್ಟ ಅದಕ್ಕೆ ಬರಲಿಲ್ಲ. ಮಾಯಿ ತಿಂಗಳಲ್ಲಿ ಎರಡೂ ಕಡೆಯವರು ರಾಜಿ ಅರ್ಜಿ ಹಾಕಿದರು. ಜಾಗ ಅರ್ಧ ಅರ್ಧ. ಆ ರಾಜಿಗೆ ಹೆಬ್ಬೆಟ್ಟು ಒತ್ತಿದ ಪ್ರತಿವಾದಿ, ನಮ್ಮ ಅಜ್ಜಿ, ಪಗ್ಗು ತಿಂಗಳಲ್ಲಿ ಮದುವೆಯಾದಳು. ವರ ವಾದಿ. ಸೋದರಮಾವನ ಮಗಳಲ್ಲವೇ, ನಮ್ಮಲ್ಲಿ ಹೇಳಿ ಮಾಡಿಸಿದ ಸಂಬಂಧ. ಮಾವ ಬಸ್ರಾಕ್ಕೆ ಹೋಗಲೇ ಇಲ್ಲ ಎಂದು ಪ್ರಮಾಣ ಮಾಡಿದ ಆ ಮನುಷ್ಯನೇ ನನ್ನ ಅಜ್ಜ. ಅಜ್ಜಿ ಹಪ್ಪಳ ಸುಡುತ್ತಾ ತುರ್ಕರ ಕಥೆ ಹೇಳುವಾಗ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಒಂದು ಮಾತೂ ಆಡದೆ ಕೂತಿರುತ್ತಿದ್ದವನು ಅವನೇ. ಪ್ರತಿ ಆಟಿಗೂ ತುರ್ಕರು ಏಕೆ ಹೆಚ್ಚುತ್ತಿದ್ದರು, ಅಜ್ಜಿಯ ದನಿ ಜಗಲಿಯ ಕಡೆ ತಿರುಗಿ ಏಕೆ ಏರುತ್ತಿತ್ತು ಎಂದು ನನಗೆ ಆಗ ತಿಳಿಯಿತು.

ಕುಟುಂಬದ ಸಭೆಯಲ್ಲಿ ಇಷ್ಟನ್ನೂ ಓದಿ ಹೇಳಿದೆ. ಕಾನೂನು ಓದುತ್ತಿರುವ ಒಬ್ಬ ಹುಡುಗ, ಅರ್ಧ ಜಾಗ ಬಿಟ್ಟುಕೊಟ್ಟದ್ದು ಅನ್ಯಾಯ, ಅಪೀಲಿಗೆ ಈಗಲೂ ದಾರಿ ಉಂಟೇ ಎಂದು ಕೇಳಿದ. ರಾಜಿ ಡಿಕ್ರಿಗೆ ಅಪೀಲಿಲ್ಲ, ಸಿವಿಲ್ ಪ್ರೊಸೀಜರ್ ಕೋಡಿನ 96ನೇ ಕಲಮು ನೋಡು ಎಂದೆ. ಮಾಮ ಬಹಳ ಹೊತ್ತು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು.

"ಅಂದರೆ ವಾದಿಯೂ ನಾವೇ, ಪ್ರತಿವಾದಿಯೂ ನಾವೇ."

"ಹೌದು ಮಾಮ."

"ಹಾಗಾದರೆ ಮನೆಯಿಂದ ಹೊರಗೆ ಹೋದದ್ದು ವಕೀಲರ ಫೀಸು ಮಾತ್ರ," ಎಂದು ಚಾದ ಲೋಟ ಎತ್ತಿಕೊಂಡರು. "ಅದು ಎಷ್ಟು ಅಂತ ದಾಖಲೆ ಉಂಟಾ ನೋಡು."