ದುಬೈಯಲ್ಲಿ ನಾವು ಮಸ್ಕತ್ತಿನವರು

ಮಸ್ಕತ್ತಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ದುಬೈಯವರು 2022ರ ಜನವರಿಯಿಂದ ಅದನ್ನು ಶನಿವಾರ, ಭಾನುವಾರಕ್ಕೆ ಸರಿಸಿಕೊಂಡರು; ಶುಕ್ರವಾರ ಅಲ್ಲಿ ಅರ್ಧ ದಿನ ಕೆಲಸ. ಹಾಗಾಗಿ ನಾವು ಗಂಡ ಹೆಂಡತಿ ಇಬ್ಬರೂ ರಜೆಯ ಉಮೇದಿನಲ್ಲಿ ದುಬೈ ಮುಟ್ಟುವಾಗ ಅವರು ಆಗಷ್ಟೇ ಕಚೇರಿಯಿಂದ ಹೊರಬೀಳುತ್ತಿರುತ್ತಾರೆ. ಅವರ ರಜೆ ರಂಗೇರುವ ಶನಿವಾರ ಸಂಜೆಗೆ ನಮ್ಮದು ಗಂಟುಮೂಟೆ. ಭಾನುವಾರ ಬೆಳಿಗ್ಗೆ ಇವರು ಆಫೀಸಿನಲ್ಲಿ ಇರಲೇಬೇಕು.

ದಾರಿ ಸುಮಾರು 450 ಕಿಲೋಮೀಟರ್. ಗಡಿ ಹತ್ತಿರವಾದಂತೆ ಇವರ ಮಾತು ಕಡಿಮೆಯಾಗುತ್ತದೆ. ವೀಸಾ, ರೆಸಿಡೆಂಟ್ ಕಾರ್ಡ್, ಕಾರಿನ ನೋಂದಣಿ ಪತ್ರ ಮುಲ್ಕಿಯಾ, ವಿಮೆಯ ಆರೆಂಜ್ ಕಾರ್ಡ್, ಎಲ್ಲ ಇರುವ ಪ್ಲಾಸ್ಟಿಕ್ ಫೈಲು ನನ್ನ ತೊಡೆಯ ಮೇಲೆ. "ಎಲ್ಲ ಇದೆಯಲ್ಲ?" "ಇದೆ ರೀ." ಎರಡು ನಿಮಿಷ ಬಿಟ್ಟು ಮತ್ತದೇ ಪ್ರಶ್ನೆ. ಫೈಲಿನ ಕೆಳಗೆ ಚಿತ್ರಾನ್ನದ ಡಬ್ಬಿ. ದುಬೈಯಂಥ ಊರಿಗೆ ಬುತ್ತಿ ಕಟ್ಟಿಕೊಂಡು ಹೋಗುವವರು ಯಾರಿದ್ದಾರೆ ಎಂದು ಹೊರಡುವಾಗ ಗೊಣಗಿದವರು, ಗಡಿಯ ಪಾರ್ಕಿಂಗಿನಲ್ಲಿ ಎರಡನೇ ಸಲ ಬಡಿಸಿಕೊಂಡರು. ಪಕ್ಕದ ಕಾರಿನ ಮಲಯಾಳಿ ಸಂಸಾರವೂ ಡಿಕ್ಕಿ ತೆರೆದು ಡಬ್ಬಿಗಳನ್ನು ಹರವಿಕೊಂಡಿತ್ತು.

ಶೇಖ್ ಜಾಯೆದ್ ರಸ್ತೆಗೆ ಬಿದ್ದರೆ ಎರಡೂ ಬದಿಗೆ ಗಾಜಿನ ಗೋಪುರಗಳು. ಇವರು ಸ್ಟೀರಿಂಗ್ ಹಿಡಿದೇ ಕತ್ತೆತ್ತುವುದು, ನಾನು "ಮುಂದೆ ನೋಡಿ" ಎನ್ನುವುದು. ಆಗ ಅವರ ಬಾಯಿಂದ ಆ ಮಾತು ಬಂತು: "ನಮ್ಮ ಮಸ್ಕತ್ತಿನಲ್ಲಾದರೆ ಆಕಾಶ ನೋಡೋಕೆ ಇಷ್ಟು ಕಷ್ಟಪಡಬೇಕಾಗಿಲ್ಲ ಕಣೇ."

ನಮ್ಮ ಮಸ್ಕತ್ತು! ಮಸ್ಕತ್ತಿನಲ್ಲಿರುವಾಗ ಈ ಮನುಷ್ಯ ಅದನ್ನು ಒಮ್ಮೆಯೂ "ನಮ್ಮದು" ಎಂದದ್ದಿಲ್ಲ. ಅಲ್ಲಿ ಎಲ್ಲದಕ್ಕೂ ನಮ್ಮ ಶಿವಮೊಗ್ಗವೇ ಅಳತೆಗೋಲು: ಶಿವಮೊಗ್ಗದ ಮಳೆ, ಶಿವಮೊಗ್ಗದ ಕಾಫಿ, ಶಿವಮೊಗ್ಗದ ಸೊಳ್ಳೆ ಕೂಡ. ತಗ್ಗು ತಗ್ಗಾದ ಬಿಳಿ ಕಟ್ಟಡಗಳನ್ನು ನೋಡಿ "ಊರೇ ಸುಣ್ಣ ಬಳಿದು ಮಲಗಿದೆ" ಎಂದು ಮೂಗು ಮುರಿದವರು ಈಗ ಅದರ ವಕೀಲರು. ಪರದೇಶದ ಊರು ಮನೆಯಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಇನ್ನೊಂದು ಪರದೇಶಕ್ಕೆ ಹೋಗಿ ನಿಲ್ಲಬೇಕೇನೋ.

ಬುರ್ಜ್ ಖಲೀಫಾ 828 ಮೀಟರ್ ಎತ್ತರ. ಉದ್ಘಾಟನೆಯಾದದ್ದು 2010ರ ಜನವರಿ 4ರಂದು; ಅಲ್ಲಿಯವರೆಗೆ ಅದು ಬುರ್ಜ್ ದುಬೈ. ಸಾಲದ ಸಂಕಟದಲ್ಲಿ ನೆರವಿಗೆ ಬಂದ ಅಬುಧಾಬಿಯ ದೊರೆಯ ಹೆಸರು ಆ ದಿನ ಗೋಪುರಕ್ಕೆ ಬಂತು. ನಮ್ಮಲ್ಲಿ ಸಾಲ ಕೊಟ್ಟ ಭಾವನ ಹೆಸರನ್ನು ಮನೆಗೆ ಇಡುವವರು ಕಡಿಮೆ. ಸೂರ್ಯಾಸ್ತದ ಹೊತ್ತಿಗೆ ಮೇಲೆ ಹತ್ತುವ ಟಿಕೆಟ್ಟು ಉಳಿದ ಹೊತ್ತಿಗಿಂತ ದುಬಾರಿ. ನಾನು ದಿರಹಮನ್ನು ರಿಯಾಲಿಗೆ, ರಿಯಾಲನ್ನು ರೂಪಾಯಿಗೆ ತಿರುಗಿಸುವಷ್ಟರಲ್ಲಿ ಇವರು ಕೊಂಡೇಬಿಟ್ಟಿದ್ದರು. ಒಂದು ರಿಯಾಲಿಗೆ ಒಂಬತ್ತೂವರೆ ದಿರಹಮು ಎಂಬ ಲೆಕ್ಕ ಬಲ್ಲವರಿಗೆ ದುಬೈಯಲ್ಲಿ ಮೊದಲ ಒಂದು ತಾಸು ಎಲ್ಲವೂ ಅಗ್ಗವೆನಿಸುತ್ತದೆ. ಆಮೇಲೆ ರೂಪಾಯಿ ನೆನಪಾಗುತ್ತದೆ. ನಮ್ಮ ರಿಸರ್ವ್ ಬ್ಯಾಂಕು 1959ರಲ್ಲಿ ಕೊಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿತ್ತು, ದುಬೈಯಲ್ಲಿ 1966ರವರೆಗೆ ಆ ರೂಪಾಯಿ ನಡೆಯುತ್ತಿತ್ತು. ಆಗ ಬಂದಿದ್ದರೆ ಈ ಗುಣಾಕಾರ ಭಾಗಾಕಾರದ ತಾಪತ್ರಯವೇ ಇರುತ್ತಿರಲಿಲ್ಲ.

ಲಿಫ್ಟು ಸುಮಾರು ಒಂದು ನಿಮಿಷದಲ್ಲಿ 124ನೇ ಮಹಡಿಗೆ ಒಯ್ದಿತು. ಕಿವಿ ಕಟ್ಟಿತು. ಕೆಳಗೆ ಕೊಲ್ಲಿ, ಮರಳು, ನಡುವೆ ಮಿಣುಕುವ ರಸ್ತೆ. ಇಲ್ಲಿ ನನಗೆ ಹಿಡಿಸಿದ್ದು ಬೇರೆಯೇ ಸಂಗತಿ: ಮೇಲಿನವರಿಗೆ ಸೂರ್ಯ ಕೆಳಗಿನವರಿಗಿಂತ ತಡವಾಗಿ ಮುಳುಗುವುದರಿಂದ, ರಂಜಾನಿನಲ್ಲಿ 80ನೇ ಮಹಡಿಗಿಂತ ಮೇಲಿರುವವರು ಎರಡು ನಿಮಿಷ, 150 ದಾಟಿದವರು ಮೂರು ನಿಮಿಷ ಕಾದು ಉಪವಾಸ ಬಿಡಬೇಕೆಂದು ಅಲ್ಲಿನ ಧರ್ಮಗುರುಗಳು 2011ರಲ್ಲಿ ಹೇಳಿದ್ದರು. ಹೆಚ್ಚು ಹಣ ಕೊಟ್ಟು ಮೇಲೆ ಮನೆ ಮಾಡಿದವರಿಗೆ ಹೆಚ್ಚು ಹಸಿವು. ಇವರಿಗೆ ಹೇಳಿದೆ. "ಅದಕ್ಕೇ ನೋಡು, ಮಸ್ಕತ್ತಿನಲ್ಲಿ ನಾವು ಎರಡನೇ ಮಹಡಿಯಲ್ಲಿರೋದು" ಎಂದರು.

ಮಾಲ್‌ಗಳ ವಿಷಯ ಬೇಡ. ಹೊರಗೆ ಸುಡುವ ಬಿಸಿಲು, ಒಳಗೆ ಮಂಜಿನ ಮೇಲೆ ಜಾರುವ ಮಕ್ಕಳು, ನಿಜವಾದ ಪೆಂಗ್ವಿನ್ನು. ಒಮ್ಮೆ ನೋಡಿದರೆ ಮುಗಿಯಿತು.

ಶನಿವಾರ ಮಧ್ಯಾಹ್ನ ಕ್ರೀಕಿನ ದಡಕ್ಕೆ ಹೋದೆವು. ಬರ್ ದುಬೈಯಿಂದ ದೇರಾ ಕಡೆಗೆ ಮರದ ದೋಣಿ, ಅಬ್ರಾ. ಒಬ್ಬರಿಗೆ ಒಂದು ದಿರಹಮು. ನಡುವಿನ ಹಲಗೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಜನ ಕೂರುತ್ತಾರೆ. ತಡೆಗಂಬಿಯಿಲ್ಲ, ನೀರು ಕಾಲಿನ ಹತ್ತಿರವೇ. ಡೀಸೆಲ್ ವಾಸನೆ, ಸೀಗಲ್ ಹಕ್ಕಿ, ಚೀಲ ತಬ್ಬಿ ಕೂತ ಕೆಲಸಗಾರರು. ಪಕ್ಕದವರೊಬ್ಬರು ಹಿಂದಿಯಲ್ಲಿ ಕೇಳಿದರು: "ಎಲ್ಲಿಯವರು?"

"ಮಸ್ಕತ್" ಎಂದರು ಇವರು.

"ಅದಲ್ಲ, ಊರು?"

"ಶಿವಮೊಗ್ಗ" ಎಂದೆ ನಾನು. ಆತ ಉಡುಪಿಯವರೇ, ಅಲ್ಲಿಂದ ಮಾತು ಕನ್ನಡಕ್ಕೆ ತಿರುಗಿ, ಮಳೆ ಶುರುವಾಯಿತೇ ಎಂಬಲ್ಲಿಗೆ ಬರುವಷ್ಟರಲ್ಲಿ ಆಚೆ ದಡ ಬಂದೇಬಿಟ್ಟಿತು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಇಳಿದು, ಇನ್ನೊಂದೊಂದು ದಿರಹಮು ಕೊಟ್ಟು, ಅದೇ ದೋಣಿಯಲ್ಲಿ ವಾಪಸ್ಸು ಬಂದೆವು.

ಹೋಗುವವರಿದ್ದರೆ ಎರಡು ಮಾತು. ಶನಿವಾರ ಕತ್ತಲಾಗುವ ಮೊದಲೇ ಗಡಿ ದಾಟಿ, ಮಸ್ಕತ್ತಿನ ಕಾರುಗಳೆಲ್ಲ ಅಲ್ಲೇ ಸಾಲುಗಟ್ಟುತ್ತವೆ. ಅಬ್ರಾ ಹತ್ತುವಾಗ ಕಿಸೆಯಲ್ಲಿ ಒಂದು ದಿರಹಮಿನ ಚಿಲ್ಲರೆ ಇರಲಿ. ನೂರರ ನೋಟು ಚಾಚಿದರೆ ಅಂಬಿಗ ಬೈಯುತ್ತಾನೆ, ಬೈದರೆ ತಪ್ಪೂ ಇಲ್ಲ.