ಸೆಟಪ್ ಕಾಕಾ

"ದೀಪ ಕೆಂಪೈತೋ, ಹಸರೈತೋ?"

ಫೋನ್ ಎತ್ತಿದ ಕೂಡಲೇ ಕಾಕಾ ಕೇಳುವುದು ಇದನ್ನೇ. ನೀವು ಮಗಳ ಮದುವೆಗೆ ಕರೆಯಲು ಫೋನ್ ಮಾಡಿರಬಹುದು, ಆಸ್ಪತ್ರೆಯಿಂದ ರಕ್ತ ಬೇಕೆಂದು ಮಾಡಿರಬಹುದು. ಮೊದಲು ದೀಪದ ಬಣ್ಣ ಹೇಳಬೇಕು, ಆಮೇಲೆ ಮಿಕ್ಕ ಮಾತು.

ದೆಹಲಿಯ ಸುತ್ತ ಕನ್ನಡದವರ ನಾಲ್ಕು ಮನೆ ಎಲ್ಲಿವೆಯೋ ಅಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ದ್ವಾರಕಾದಲ್ಲಿ ಒಬ್ಬರು, ಮಯೂರ ವಿಹಾರದಲ್ಲಿ ಒಬ್ಬರು, ಗುರುಗ್ರಾಮದಲ್ಲಿ ಕಂಪನಿ ಕೆಲಸದ ಕಿರಿಯರೊಬ್ಬರು. ನಮ್ಮ ಪಾಲಿಗೆ ಬಂದವರು ಇಂದಿರಾಪುರಂನವರು. ಅವರ ನಿಜವಾದ ಹೆಸರು ಪೆನ್ಷನ್ ಕಾಗದದಲ್ಲಿದೆ, ಬೇರೆಲ್ಲೂ ಇಲ್ಲ. ಸೆಟ್ ಟಾಪ್ ಬಾಕ್ಸನ್ನು ನಾವೆಲ್ಲ ಸೆಟಪ್ ಬಾಕ್ಸ್ ಅನ್ನುವುದರಿಂದ ಅವರು ಸೆಟಪ್ ಕಾಕಾ ಆದರು. ಮೂವತ್ತೈದು ವರ್ಷ ಕೇಂದ್ರ ಸರ್ಕಾರದಲ್ಲಿ ಲೆಕ್ಕಪತ್ರ ಬರೆದವರು. ವೈರಿನ ಒಳಗೆ ತಾಮ್ರ ಇರುತ್ತದೆಂದು ಅವರಿಗೆ ಯಾರೂ ಕಲಿಸಲಿಲ್ಲ, ಹಲ್ಲಿನಿಂದ ಸುಲಿದೇ ಕಂಡುಕೊಂಡರು.

ಹೆಗಲ ಚೀಲದಲ್ಲಿ ಏನೇನಿದೆ ಎಂದು ಒಮ್ಮೆ ನೋಡಿದ್ದೇನೆ. ಎರಡು ಎಚ್‌ಡಿಎಂಐ ಕೇಬಲ್, ಕಪ್ಪು ಟೇಪು, ಲಜಪತ್ ರಾಯ್ ಮಾರ್ಕೆಟ್ಟಿನಲ್ಲಿ ಡಜನ್ ಲೆಕ್ಕದಲ್ಲಿ ತಂದ ಕನೆಕ್ಟರುಗಳು, ಒಂದು ದಿಕ್ಸೂಚಿ, ರಿಮೋಟಿಗೆ ಹಾಕುವ ಪ್ಲಾಸ್ಟಿಕ್ ಚೀಲ. ಕೂಲಿ ತೆಗೆದುಕೊಳ್ಳುವುದಿಲ್ಲ. ಶೇಂಗಾ ಚಟ್ನಿ ಕೊಟ್ಟರೆ ಬೇಡ ಅನ್ನುವುದೂ ಇಲ್ಲ.

ದಿಕ್ಸೂಚಿ ಯಾಕೆ ಅಂದರೆ ಡಿಶ್ಶಿಗೆ. ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿರುವುದರಿಂದ ದೆಹಲಿಯ ಅಷ್ಟೂ ಡಿಶ್ಶುಗಳು ದಕ್ಷಿಣಕ್ಕೇ ಮುಖ ಮಾಡಬೇಕು. 83 ಡಿಗ್ರಿ ಪೂರ್ವದ ಉಪಗ್ರಹ ಹಿಡಿಯಲು ಬೆಂಗಳೂರಿನಲ್ಲಿ ಸುಮಾರು 73 ಡಿಗ್ರಿ ಕತ್ತೆತ್ತಬೇಕು, ದೆಹಲಿಯಲ್ಲಿ 56 ಸಾಕು. "ಬೆಂಗಳೂರಾಗ ಡಿಶ್ ಆಕಾಶ ನೋಡ್ತೈತಿ, ದಿಲ್ಲ್ಯಾಗ ಊರ ಕಡೆ ನೋಡ್ತೈತಿ" ಎಂದು ಕಾಕಾ ಇದನ್ನು ಲೆಕ್ಕವಿಲ್ಲದೆ ಹೇಳುತ್ತಾರೆ. ನೊಯಿಡಾದಲ್ಲಿ ನಮ್ಮ ಪೈಕಿಯೊಬ್ಬರು ಫ್ಲ್ಯಾಟ್ ಕೊಳ್ಳುವಾಗ ವಾಸ್ತುವಿನವರು ದಕ್ಷಿಣ ದಿಕ್ಕು ಯಮನದು, ಬೇಡ ಅಂದರು. ಕಾಕಾ ಸಿಟ್ಟಾದರು. "ಅದು ಯಮನ ದಿಕ್ಕಲ್ರೀ, ಉದಯ ಟಿವಿ ದಿಕ್ಕು!" ಕೊಳ್ಳುವವರು ಯಮನಿಗೆ ಹೆದರಿ ಉತ್ತರದ ಬಾಲ್ಕನಿ ಕೊಂಡರು. ಸೊಸೈಟಿಯವರು ತಾರಸಿಗೆ ಡಿಶ್ ಹತ್ತಿಸಲು ಬಿಡಲಿಲ್ಲ. ಆ ಮನೆಯ ಅತ್ತೆ ಇವತ್ತಿಗೂ ವಾಸ್ತುವಿನವರನ್ನು ಬೈಯುತ್ತಾರೆ.

ಇಷ್ಟೇ ಆಗಿದ್ದರೆ ಕಾಕಾ ಸುಖವಾಗಿದ್ದರು. ಮೇ ತಿಂಗಳ ಆಂಧಿ ಡಿಶ್ ತಿರುಗಿಸುವುದು, ಕಾಕಾ ಮತ್ತೆ ತಿರುಗಿಸುವುದು. ಕೋತಿ ವೈರು ಕೀಳುವುದು, ಕಾಕಾ ಮತ್ತೆ ಸಿಕ್ಕಿಸುವುದು. ಆದರೆ 2019ರ ಸೆಪ್ಟೆಂಬರಿನಲ್ಲಿ ಏರ್‌ಟೆಲ್‌ನವರು 3,999 ರೂಪಾಯಿಗೆ ಎಕ್ಸ್‌ಸ್ಟ್ರೀಮ್ ಬಾಕ್ಸ್ ತಂದರು, 2020ರ ಜನವರಿಯಲ್ಲಿ ಟಾಟಾ ಸ್ಕೈನವರು 5,999ಕ್ಕೆ ಬಿಂಜ್ ಪ್ಲಸ್ ತಂದರು, ಕಾಕಾನ ಮನೆಯಿಂದ ಕೂಗಳತೆಯ ನೊಯಿಡಾದ ಡಿಶ್ ಟಿವಿಯವರೂ ಸುಮ್ಮನಿರಲಿಲ್ಲ. ಡಿಶ್ಶಿನ ಚಾನೆಲ್ಲೂ ವೈಫೈನ ಆ್ಯಪ್‌ಗಳೂ ಒಂದೇ ಡಬ್ಬಿಯಲ್ಲಿ. ಒಂದೇ ಬಾಕ್ಸ್, ಒಂದೇ ರಿಮೋಟ್ ಎಂದು ಜಾಹೀರಾತು. ಕಾಕಾ ತಮ್ಮ ಮನೆಗೊಂದು ತಂದರು. ಯಾವ ಕಂಪನಿಯದೆಂದು ಹೇಳುವುದು ಬೇಡ.

ಅದರ ಮರ್ಮವನ್ನು ಕನ್ನಡ ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ನನಗೆ ವಿವರಿಸಿದರು. "ಡಿಶ್ ಅಂದ್ರ ಹರಿಕಥಿ. ದಾಸರು ಹೇಳ್ಕೊಂತ ಹೋಗ್ತಾರ, ನಾವು ಕುಂತು ಕೇಳಬೇಕು, ನಡಕ ಪ್ರಶ್ನಿ ಕೇಳಂಗಿಲ್ಲ. ಆ್ಯಪ್ ಅಂದ್ರ ಹೋಟೆಲ್. ಬೇಕಾದ್ದು ಕೇಳ್ರಿ, ಬೇಕಾದಾಗ ತರ್ತಾರ. ಈ ಹೈಬ್ರಿಡ್ ಬಾಕ್ಸ್ ಅಂದ್ರ ಹೋಟೆಲಿನಾಗ ಹರಿಕಥಿ ಇಟ್ಟಂಗ."

ಎದುರು ಸಾಲಿನಲ್ಲಿದ್ದ ಕಾಕು ಹೋಳಿಗೆ ಮುರಿಯುತ್ತ ಅಂದರು, "ಹೌದ್ರಿ. ಕಥಿನೂ ತಿಳಿಯಂಗಿಲ್ಲ, ಇಡ್ಲಿನೂ ಬರಂಗಿಲ್ಲ."

ಒಂದು ರಿಮೋಟಿನ ವಿಷಯಕ್ಕೆ ಬಂದರೆ, ಕಾಕಾನ ಮನೆಯಲ್ಲಿ ರಿಮೋಟುಗಳಿಗೆಂದೇ ಒಂದು ಸ್ಟೀಲಿನ ತಾಟಿದೆ. ಹೊಸದು ಎಲ್ಲಕ್ಕೂ. ಟಿವಿಯದು ಎಚ್‌ಡಿಎಂಐ ಎರಡಕ್ಕೆ ಹೋಗುವುದಕ್ಕೆ. ಸೌಂಡ್‌ಬಾರಿನದು ದನಿಗೆ. ಹಳೆಯ ಬಾಕ್ಸಿನದು ಯಾಕೆಂದು ಕೇಳಿದೆ. "ಇರ್ಲಿ, ಅದು ಹಿರೇದು" ಅಂದರು. ಮೊದಲು ಮೂರಿದ್ದವು. ಎಲ್ಲವೂ ಒಂದಾದ ಮೇಲೆ ನಾಲ್ಕಾದವು.

ಡಬ್ಬಿ ಒಂದಾದರೂ ಆ್ಯಪ್‌ಗಳು ಒಂದು ಕಡೆ ನಿಲ್ಲಬೇಕಲ್ಲ. ಕಾಕಾ ಇದಕ್ಕಾಗಿ ಒಂದು ನೋಟುಬುಕ್ ಇಟ್ಟಿದ್ದಾರೆ, ತೀರ್ಥಕ್ಷೇತ್ರದ ಪಂಡರು ವಂಶಾವಳಿ ಬರೆದಿಟ್ಟುಕೊಂಡ ಹಾಗೆ. ಜೀ ಕನ್ನಡ: ಜೀ ಫೈವ್, ಅದೇ ಮನೆತನ. ಉದಯ: ಸನ್ ನೆಕ್ಸ್ಟ್. ಕಲರ್ಸ್ ಕನ್ನಡ ಮೊದಲು ವೂಟ್‌ನಲ್ಲಿತ್ತು; 2023ರಲ್ಲಿ ವೂಟ್ ಕಾಲವಾಗಿ ಜಿಯೋ ಸಿನಿಮಾ ಮನೆಗೆ ದತ್ತು; 2025ರ ಫೆಬ್ರವರಿ 14ಕ್ಕೆ ಜಿಯೋ ಸಿನಿಮಾ ಮತ್ತು ಹಾಟ್‌ಸ್ಟಾರ್ ಮದುವೆಯಾಗಿ ಜಿಯೋ ಹಾಟ್‌ಸ್ಟಾರ್. "ಪ್ರೇಮಿಗಳ ದಿನಾನ ಆತು ನೋಡ್ರಿ. ಗೋತ್ರ ಬದಲಾತು, ಪಾಸ್‌ವರ್ಡ್ ಹೊಸಾದು." ಚಂದನದ ಎದುರು ಮಾತ್ರ 'ಇದ್ದಲ್ಲೇ ಇದೆ' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಡಿಡಿ ಫ್ರೀ ಡಿಶ್‌ನಲ್ಲಿ ತಿಂಗಳ ಬಾಡಿಗೆಯಿಲ್ಲದೆ ಬರುತ್ತದೆ, 'ಥಟ್ ಅಂತ ಹೇಳಿ'ಯ ಸೋಮೇಶ್ವರರು ಓಟಿಪಿ ಕೇಳುವುದಿಲ್ಲ.

ಓಟಿಪಿ ಅಂದೆನಲ್ಲ, ಕಾಕಾನ ನಿಜವಾದ ಯುದ್ಧ ಅದೇ. ದೆಹಲಿಯಲ್ಲಿರುವ ಅಪ್ಪ ಅಮ್ಮನ ಆ್ಯಪ್‌ಗೆಲ್ಲ ದುಡ್ಡು ಕಟ್ಟುವವನು ಬೆಂಗಳೂರಿನ ಮಗ. ಓಟಿಪಿ ಅವನ ನಂಬರಿಗೆ ಹೋಗುತ್ತದೆ. ಒಂದು ಸಂಜೆ ನಮ್ಮ ಪಕ್ಕದ ಬ್ಲಾಕಿನಲ್ಲಿ ಕಾಕಾ ಎಲ್ಲ ಸಿದ್ಧಮಾಡಿ, ಟಿವಿಯ ಮೇಲೆ ಆರು ಚೌಕ ಮೂಡಿಸಿ, ಮಗನಿಗೆ ಫೋನ್ ಹಚ್ಚಿಸಿದರು. ಅವನು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬೈಕಿನ ಮೇಲೆ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ. ಅವನು ಹೆಲ್ಮೆಟ್ ತೆಗೆಯುವಷ್ಟರಲ್ಲಿ ಮೊದಲನೆಯದು ಹಳಸಿತು. ಎರಡನೆಯದನ್ನು ಓದುವಾಗ ಹಿಂದಿನವರು ಹಾರ್ನ್ ಬಾರಿಸಿದರು, ಇಲ್ಲಿ ಆರು ಒಂಬತ್ತಾಯಿತು. ಮೂರನೆಯದಕ್ಕೆ ಸಿಗ್ನಲ್ ಬಿಟ್ಟಿತು. ನಾಲ್ಕನೆಯದು ಬರಲೇ ಇಲ್ಲ, ನಾಳೆ ಪ್ರಯತ್ನಿಸಿ ಎಂದು ಬಂತು. 36,000 ಕಿಲೋಮೀಟರ್ ದೂರದ ಉಪಗ್ರಹವನ್ನು ಒಂದು ಸ್ಪ್ಯಾನರಿನಿಂದ ಹಿಡಿದ ಮನುಷ್ಯ ಸಿಲ್ಕ್ ಬೋರ್ಡಿನಲ್ಲಿ ಸೋತರು.

ಇನ್ನು 2025ರ ಜೂನ್ 3. ಐಪಿಎಲ್ ಫೈನಲ್, ನಮ್ಮ ಆರ್‌ಸಿಬಿ, ಎದುರಿಗೆ ಪಂಜಾಬ್. ಕಾಕಾನ ಮನೆಯಲ್ಲಿ ಹನ್ನೆರಡು ಜನ, ಮಂಡಕ್ಕಿ, ಮಿರ್ಚಿ. ಡಿಶ್ಶಿನ ಚಾನೆಲ್ಲಿನಲ್ಲೇ ನೋಡೋಣವೆಂದರೆ ಕಾಕಾ ಒಪ್ಪಲಿಲ್ಲ. ಆ್ಯಪ್‌ನಲ್ಲಿ ಚಿತ್ರ ಗಾಜಿನಂತೆ ಬರುತ್ತದೆ. ಬಂತು, ಸುಳ್ಳಲ್ಲ. ಆದರೆ ಇಂಟರ್‌ನೆಟ್ಟಿನ ಚಿತ್ರವನ್ನು ತುಂಡು ತುಂಡಾಗಿ ಕಳಿಸುತ್ತಾರೆ, ಬಾಕ್ಸ್ ನಾಲ್ಕು ತುಂಡು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಡಿಶ್ಶಿನದು ಅಷ್ಟು ಕಾಯುವುದಿಲ್ಲ. ಗೋಡೆಯಾಚೆ ಲೂಧಿಯಾನದವರ ಮನೆ, ಹಳೆಯ ಡಬ್ಬಿ. ಸಂಜೆಯೆಲ್ಲ ನಮ್ಮ ಪಾಡು ಏನೆಂದರೆ, ನಮ್ಮ ಬೌಲರ್ ಓಡಲು ಶುರುಮಾಡುವ ಮೊದಲೇ ಗೋಡೆ ಫಲಿತಾಂಶ ಹೇಳುತ್ತಿತ್ತು. ಆಚೆ ನಿಟ್ಟುಸಿರು ಬಿಟ್ಟರೆ ವಿಕೆಟ್ ಬಿತ್ತೆಂದು ನಾವು ಮೊದಲೇ ಕುಣಿದು, ಆಮೇಲೆ ನೋಡುತ್ತಿದ್ದೆವು.

ಕೊನೆಯ ಓವರ್, 29 ರನ್ ಬೇಕು. ಹೇಜಲ್‌ವುಡ್‌ನ ಮೊದಲ ಎರಡು ಎಸೆತ ಖಾಲಿ, ಗೋಡೆಯೂ ಮೌನ. ಕಾಕಾನೊಳಗಿನ ಲೆಕ್ಕಿಗ ಎದ್ದುನಿಂತ. "ನಾಕಾರ್ಲೆ ಇಪ್ಪತ್ತನಾಕು. ನೋ ಬಾಲ್ ಹಾಕದಿದ್ರ ಗೆದ್ದಂಗ." ಅಷ್ಟರಲ್ಲಿ ಗೋಡೆಯಾಚೆ "ಓಯೇ!" ನಮ್ಮವನು ಇನ್ನೂ ಚೆಂಡು ಒರೆಸುತ್ತಿದ್ದ. ಆಮೇಲೆ ಸಿಕ್ಸರ್ ಕಂಡಿತು. ಮತ್ತೆ "ಓಯೇ", ಫೋರ್. ಮತ್ತೆ, ಮತ್ತೆ, ಎರಡು ಸಿಕ್ಸರ್. ಲೆಕ್ಕ ಗೊತ್ತಿದ್ದರೂ ಹನ್ನೆರಡು ಜನರ ಎದೆ ಬಾಯಿಗೆ ಬಂದಿತ್ತು. ಕೊನೆಗೆ ಆಚೆ ಟಿವಿ ಬಂದ್ ಆಗಿ ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಅದಾದ ಸ್ವಲ್ಪ ಹೊತ್ತಿಗೆ ನಾವು ಆರು ರನ್ನಿನಿಂದ ಗೆದ್ದೆವು.

ಅವತ್ತು ಎಲ್ಲರೂ ಹೋದ ಮೇಲೆ ಕಾಕಾ ತಾಟಿಗೆ ರಿಮೋಟ್ ಜೋಡಿಸುತ್ತಿದ್ದರು. ಕಾಕಾ ಏನನ್ನೂ ಪೂರ್ತಿ ನೋಡಿದ್ದನ್ನು ನಾನು ಕಂಡಿಲ್ಲ. ಚಿತ್ರ ಬರುವವರೆಗೆ ಆಸಕ್ತಿ. ಬಂದ ಮೇಲೆ ಚಹಾ ಕುಡಿಯಲು ಏಳುತ್ತಾರೆ. ಈ ಹುಚ್ಚು ಎಲ್ಲಿಂದ ಹತ್ತಿತು ಅಂತ ಕೇಳಿದೆ.

"ಅಮೇರಿಕದಿಂದ" ಅಂದರು.

1975ರ ಆಗಸ್ಟ್ 1. ನಾಸಾದ ಎಟಿಎಸ್-6 ಉಪಗ್ರಹವನ್ನು ಇಸ್ರೋದವರು ಒಂದು ವರ್ಷಕ್ಕೆ ಎರವಲು ಪಡೆದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿದ್ದರು. ಕರ್ನಾಟಕದಲ್ಲಿ ರಾಯಚೂರು, ಕಲಬುರಗಿ, ವಿಜಯಪುರದ ಕಡೆಯ ಹಳ್ಳಿಗಳು. ಕಾಕಾನ ಊರೂ ಅದರಲ್ಲಿ ಒಂದು, ಕಾಕಾನಿಗೆ ಆಗ ಹತ್ತು ವರ್ಷ. ಶಾಲೆಯ ಅಂಗಳದಲ್ಲಿ ಕೋಳಿ ಬಲೆಯಿಂದ ಹೆಣೆದ ಹತ್ತು ಅಡಿ ಅಗಲದ ಡಿಶ್, ಒಂದು ಟಿವಿ, ಇಡೀ ಊರು.

"ನನ್ನ ಮೊದಲನೇ ಫ್ರೀ ಟ್ರಯಲ್ ಅದು. 1976ರ ಜುಲೈ 31ಕ್ಕ ಮುಗೀತು. ಮಾಸ್ತರರು ನಾಳೆಯಿಂದ ಬರಬ್ಯಾಡ್ರಿ ಅಂದ್ರು. ನಾನು ಮರುದಿನಾನೂ ಹೋಗಿ ಕುಂತಿದ್ದೆ."

ಆ ಡಿಶ್ ಏನಾಯಿತು ಎಂದು ಕೇಳಿದೆ.

"ಏನಾಗ್ತೈತ್ರಿ? ಗೌಡ್ರ ಮನ್ಯಾಗ ಒಯ್ದು ಕೋಳಿಗೆ ಹಾಕಿದ್ರು."