‘ಕೇಳ್ತದಾ’ ಮೇಷ್ಟ್ರು

ವಿಡಿಯೊ ಸಭೆಯ ಮೂಲಕ ಪಾಠ ಹೇಳುವ ಅಧ್ಯಾಪಕರಲ್ಲಿ ಸ್ಥೂಲವಾಗಿ ಮೂರು ಪಂಗಡಗಳನ್ನು ಗುರುತಿಸಬಹುದು. ಕ್ಯಾಮೆರಾವನ್ನು ಮೇಲ್ಮುಖವಾಗಿಟ್ಟು ತಮ್ಮ ಹಣೆಯನ್ನೂ ತಿರುಗುವ ಫ್ಯಾನನ್ನೂ ಮಾತ್ರ ದರ್ಶನ ಮಾಡಿಸುವವರು ಮೊದಲನೆಯವರು. ಮಕ್ಕಳಿಗೆ ಓದು ಬಾರದೆಂಬ ದೃಢನಂಬಿಕೆಯಿಂದ ಸ್ಲೈಡಿನಲ್ಲಿರುವುದನ್ನೇ ಗಟ್ಟಿಯಾಗಿ ಓದುವವರು ಎರಡನೆಯವರು. ಎರಡು ವಾಕ್ಯಕ್ಕೊಮ್ಮೆ ‘ಕೇಳ್ತದಾ?’ ಎಂದು ವಿಚಾರಿಸಿ, ಉತ್ತರ ಬರುವ ಮೊದಲೇ ಮುಂದಕ್ಕೆ ಹೋಗುವವರು ಮೂರನೆಯವರು. ಈ ಮೂರನೆಯ ಪಂಗಡದ ಅತ್ಯುತ್ತಮ ಮಾದರಿಯೊಂದು ಮುಂಬೈಯ ವಡಾಲದಲ್ಲಿ, ತೆಳುಗೋಡೆಯ ಹಳೆಯ ಕಟ್ಟಡವೊಂದರಲ್ಲಿ ದೊರೆತಿದ್ದು, ಗೋಡೆಯ ಇನ್ನೊಂದು ಬದಿಯಲ್ಲಿ ವಾಸಿಸುವಾತನಿಗೂ ಈ ಬರಹಕ್ಕೂ ಏನೋ ಸಂಬಂಧವಿದೆಯೆಂದು ಓದುಗರು ಶಂಕಿಸಿದರೆ ಅಡ್ಡಿಯಿಲ್ಲ.

ವಡಾಲದಲ್ಲಿ ಕನ್ನಡ ಮೇಷ್ಟ್ರು ಸಿಗುವುದು ಅಚ್ಚರಿಯಲ್ಲ. ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇರುವುದು ಇಲ್ಲಿಯೇ. ಮುಂಬೈ ಮಹಾನಗರಪಾಲಿಕೆಯ ಶಾಲೆಗಳ ಎಂಟು ಭಾಷಾಮಾಧ್ಯಮಗಳಲ್ಲಿ ಕನ್ನಡವೂ ಒಂದು. ಪ್ರಸ್ತುತ ಮೇಷ್ಟ್ರು ಯಾವ ಶಾಲೆಯವರೆಂಬುದು ಅನಗತ್ಯ, ಆದರೆ ಕರಾವಳಿಯವರೆಂಬುದು ಅಗತ್ಯ. ಏಕೆಂದರೆ ಅವರ ‘ಕೇಳ್ತದಾ ಮಕ್ಕಳೇ?’ಗೆ ಬರುವ ಮರುನುಡಿ ‘ಕೇಳಸಾಕತ್ತೈತ್ರಿ ಸರ’ ಎಂಬುದು. ಮಕ್ಕಳಲ್ಲಿ ಹೆಚ್ಚಿನವರು ಕಟ್ಟಡ ಕೆಲಸಕ್ಕಾಗಿ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳವರು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿ, ಲೋಕಲ್ ರೈಲೂ ನಿಂತು, ಕೂಲಿಯೂ ತಪ್ಪಿದಾಗ ಈ ಕುಟುಂಬಗಳು ಊರಿನ ದಾರಿ ಹಿಡಿದುದರಿಂದ, ಒಂದೇ ತರಗತಿಯು ಆಂಟಾಪ್ ಹಿಲ್‌ನಿಂದ ವಿಜಯಪುರ ಜಿಲ್ಲೆಯ ಸಿಂದಗಿಯವರೆಗೆ ಹರಡಿಕೊಂಡಿತು.

ಮೇಷ್ಟ್ರ ಪ್ರಶ್ನೆಯು ತನ್ನ ಪೂರ್ಣ ವೈಭವವನ್ನು ಮೆರೆದದ್ದು ಸಂಧಿಯ ಪಾಠದ ದಿನ. ಎರಡು ವರ್ಣಗಳು ಕಾಲವಿಳಂಬವಿಲ್ಲದೆ ಕೂಡುವುದು ಸಂಧಿಯೆಂದು ವ್ಯಾಕರಣವು ಹೇಳುತ್ತದೆ. ಕಾಲವಿಳಂಬವೇ ಜೀವಾಳವಾದ ನೆಟ್‌ವರ್ಕಿನಲ್ಲಿ ಅದನ್ನು ಬೋಧಿಸಹೊರಟದ್ದೇ ಒಂದು ಸಾಹಸ. ಕೂಡುವಾಗ ವರ್ಣವೊಂದು ಬಿದ್ದುಹೋದರೆ ಅದು ಲೋಪಸಂಧಿ, ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆದಂತೆ. ಸಿಂದಗಿ ಕಡೆಯ ಹುಡುಗನಿಗೆ ತಲುಪಿದ್ದು ‘ಊ... ಲ್ಲಿ’ ಎಂಬಷ್ಟೇ ಆದ್ದರಿಂದ ಅವನು ಪ್ರಾಮಾಣಿಕವಾಗಿ ‘ಎಲ್ಲಾ ಲೋಪ ಆಗೇತ್ರಿ ಸರ’ ಎಂದನು. ನಡುವೆ ಹೊಸ ವರ್ಣ ಬಂದರೆ ಆಗಮಸಂಧಿ, ‘ಮನೆ’ ಮತ್ತು ‘ಅನ್ನು’ ನಡುವೆ ಯಕಾರ ನುಸುಳಿ ‘ಮನೆಯನ್ನು’ ಆದಂತೆ. ಅದನ್ನು ವಿವರಿಸುತ್ತಿದ್ದಾಗ ಕುಕ್ಕರಿನ ಸೀಟಿಯೂ, ಕೆಳಗಿನಿಂದ ಭಾಜಿವಾಲಾನ ಕೂಗೂ, ‘ಅವನ ಹತ್ರ ಬೇವಿನ ಸೊಪ್ಪು ಉಂಟಾ ಕೇಳಿ ಮಾರಾಯ್ರೆ’ ಎಂಬ ಗೃಹಿಣಿಯ ಧ್ವನಿಯೂ ಕ್ರಮವಾಗಿ ಆಗಮಿಸಿದವು. ಒಂದರ ಸ್ಥಾನಕ್ಕೆ ಇನ್ನೊಂದು ಬಂದರೆ ಆದೇಶಸಂಧಿ, ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ ಆಗುವಾಗ ಕಕಾರದ ಜಾಗದಲ್ಲಿ ಗಕಾರ ಕೂತಂತೆ. ಇದರ ಪಟ್ಟಿಯನ್ನು ತೋರಿಸಲು ಮೇಷ್ಟ್ರು ಸ್ಕ್ರೀನ್ ಶೇರ್, ಎಂದರೆ ತಮ್ಮ ಪರದೆಯನ್ನೇ ಎಲ್ಲರಿಗೂ ಕಾಣಿಸುವ ಏರ್ಪಾಡು, ಮಾಡಿದಾಗ ಪಟ್ಟಿಯ ಜಾಗದಲ್ಲಿ ಕೂತಿದ್ದುದು ಮನೆಯ ಲೈಟ್ ಬಿಲ್ಲು. ‘ಕಾಣ್ತದಾ?’ ಎಂದರು. ‘ಕಾಣಾಕತ್ತೈತ್ರಿ ಸರ, ನಿಮ್ದೂ ಭಾಳ ಬಂದೈತಿ’ ಎಂದು ಹುಡುಗಿಯೊಬ್ಬಳು ಮರುಗಿದಳು. ಮೂರೂ ಸಂಧಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಗಳು ದೊರೆಯಲಾರವಾದರೂ ಮೇಷ್ಟ್ರು ಅದನ್ನು ಗಮನಿಸಲಿಲ್ಲ. ಗಮನಿಸಿದವನು ಗೋಡೆಯಾಚೆಯವನು, ಮೇಲೆ ಇಸ್ತ್ರಿಯ ಅಂಗಿ, ಕೆಳಗೆ ಲುಂಗಿ ತೊಟ್ಟು, ತನ್ನ ಕಚೇರಿಯ ಸಭೆಯಲ್ಲಿ ಕ್ಯಾಮೆರಾ ಆರಿಸಿ ಕುಳಿತಿದ್ದವನು.

ಆದರೂ ಆ ಪ್ರಶ್ನೆಗೆ ಕಾರಣವಿಲ್ಲದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೊ ಸಭೆಯ ಆಯಾಸಕ್ಕೆ ನಾಲ್ಕು ಕಾರಣಗಳನ್ನು ಸೂಚಿಸಿದರು: ಹತ್ತಿರದಿಂದ ದಿಟ್ಟಿಸುವ ಮುಖಗಳು, ಸದಾ ಎದುರಿಗಿರುವ ಸ್ವಂತ ಮುಖ, ಕೂತಲ್ಲೇ ಕೂರಬೇಕಾದ ಕಟ್ಟು, ಕಣ್ಸನ್ನೆ ಕೈಸನ್ನೆಗಳನ್ನು ಗ್ರಹಿಸಲು ಬೇಕಾಗುವ ಹೆಚ್ಚಿನ ಶ್ರಮ. ಅಪ್ಪನ ಮೊಬೈಲಿನ ಡೇಟಾ ಉಳಿಸಲೆಂದು ಮಕ್ಕಳು ಕ್ಯಾಮೆರಾ ಆರಿಸುತ್ತಿದ್ದುದರಿಂದ ಮೇಷ್ಟ್ರಿಗೆ ದಿಟ್ಟಿಸುವ ಮುಖಗಳ ಕಾಟವಿರಲಿಲ್ಲ. ಇದ್ದದ್ದು ಕಪ್ಪು ಚೌಕಗಳು ಮತ್ತು ತಮ್ಮದೇ ಮುಖ. ಹಿಂದಿನ ಬೆಂಚಿನ ಆಕಳಿಕೆಯನ್ನು ನೋಡಿಯೇ ಪಾಠದ ವೇಗವನ್ನು ತಿದ್ದಿಕೊಳ್ಳುತ್ತಿದ್ದವರಿಗೆ ಆ ಆಕಳಿಕೆಯೂ ಸಿಗದಾದಾಗ ಬಾಯಿಂದ ಹೊರಡಬಹುದಾದದ್ದು ಆ ಪ್ರಶ್ನೆಯೊಂದೇ.

ಪ್ರಶ್ನೆ ಕೇಳಿದ ಅಧ್ಯಾಪಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದೂ, ಮೂರು ಸೆಕೆಂಡು ಕಾದರೆ ಉತ್ತರಗಳು ದೀರ್ಘವಾಗುತ್ತವೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆಂದೂ ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೇಷ್ಟ್ರು ಅದನ್ನು ಓದಿದ್ದಂತೆ ಕಾಣುವುದಿಲ್ಲ. ಅವರಿಗೆ ಕಾಯುವುದನ್ನು ಕಲಿಸಿದ್ದು ಸಿಂದಗಿಯ ನೆಟ್‌ವರ್ಕು, ಏಕೆಂದರೆ ಅಲ್ಲಿಂದ ಉತ್ತರ ಬರಲು ಅಷ್ಟು ಹೊತ್ತು ಬೇಕೇ ಬೇಕು. ಝೂಮ್‌ನ ಉಚಿತ ಸಭೆಗಿರುವ 40 ನಿಮಿಷಗಳ ಮಿತಿಯು ಪೀಠಿಕೆಯನ್ನು ಮೊಟಕುಗೊಳಿಸಲು ಕಲಿಸಿತು. ಕ್ರಮೇಣ ಅವರು ಎಲ್ಲರನ್ನೂ ಒಟ್ಟಿಗೆ ಕೇಳುವುದನ್ನು ಬಿಟ್ಟು ಒಬ್ಬೊಬ್ಬರ ಹೆಸರು ಹಿಡಿದು ಕೇಳಿದರು, ತರಗತಿಯನ್ನು ಸಣ್ಣ ಗುಂಪುಗಳಾಗಿ ಒಡೆದರು, ನೋಟ್‌ಬುಕ್ಕಿನ ಫೋಟೊಗಳನ್ನು ವಾಟ್ಸಾಪಿನಲ್ಲಿ ತರಿಸಿ ತಿದ್ದಿದರು. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗೆ ಸಂಜೆ ಸಾದಾ ಫೋನು ಮಾಡಿ ಅದೇ ಪಾಠವನ್ನು ಮತ್ತೆ ಹೇಳಿದರು. ಪಾಠವು ಪರಿಣಾಮಕಾರಿಯಾದದ್ದು ಯಂತ್ರದ ಜಾಣತನದಿಂದಲ್ಲ, ಮೇಷ್ಟ್ರು ಉತ್ತರಕ್ಕಾಗಿ ನಿಲ್ಲತೊಡಗಿದ್ದರಿಂದ ಎಂಬುದನ್ನು ಗೋಡೆಯಾಚೆಯವನು ಕೂಡ, ಒಂದೇ ಪಾಠವನ್ನು ಹಗಲೂ ಸಂಜೆಯೂ ಕೇಳಬೇಕಾಗಿ ಬಂದ ಸಿಟ್ಟಿನ ನಡುವೆಯೇ, ಒಪ್ಪಬೇಕಾಯಿತು.

2021ರ ಅಕ್ಟೋಬರ್ 4ರಂದು ಮುಂಬೈಯಲ್ಲಿ ಎಂಟರಿಂದ ಹನ್ನೆರಡನೆಯವರೆಗಿನ ತರಗತಿಗಳ ಬಾಗಿಲು ತೆರೆಯಿತು. ಊರಿಗೆ ಹೋದ ಕುಟುಂಬಗಳಲ್ಲಿ ಕೆಲವು ಮರಳಲಿಲ್ಲ. ಅವರ ಮಕ್ಕಳ ಹೆಸರು ಹಾಜರಿ ಪುಸ್ತಕದಿಂದ ಹೋದರೂ ಮೇಷ್ಟ್ರ ವಾಟ್ಸಾಪ್ ಗುಂಪಿನಿಂದ ಹೋಗಲಿಲ್ಲ. ಹಾಜರಿಯಲ್ಲಿಲ್ಲದ ಮಕ್ಕಳಿಗೆ ಹೇಳಿದ ಪಾಠವನ್ನು ನಮೂದಿಸಲು ಯಾವ ದಾಖಲೆಯಲ್ಲಿಯೂ ಅಂಕಣವಿಲ್ಲದಿರುವುದರಿಂದ ಮೇಷ್ಟ್ರು ಆ ತರಗತಿಯನ್ನು ಶನಿವಾರ ಮಧ್ಯಾಹ್ನ, ಊಟದ ನಂತರ, ಸರಿಯಾಗಿ ನೆರೆಯವನ ನಿದ್ದೆಯ ಹೊತ್ತಿಗೆ ಇಟ್ಟುಕೊಂಡಿದ್ದಾರೆ. ಈ ಕುರಿತು ಕಟ್ಟಡದ ಸೊಸೈಟಿಗೆ ದೂರು ಕೊಡುವ ವಿಚಾರವನ್ನು ಆತ ಸದ್ಯಕ್ಕೆ ಮುಂದೂಡಿದ್ದಾನೆ. ಸಂಧಿ ಮುಗಿದು ಸಮಾಸ ಆರಂಭವಾಗಿದ್ದು, ಬಹುವ್ರೀಹಿಯು ಆತನಿಗೆ ಶಾಲೆಯ ದಿನಗಳಿಂದಲೂ ಸರಿಯಾಗಿ ತಿಳಿದಿಲ್ಲ.